ಗಂಭೀರ ಕಾಯಿಲೆಗೆ ಯಾವ ಚಿಕಿತ್ಸೆ? ಲಾಭ–ನಷ್ಟ ತೂಗಿ ನೋಡುವ ಕ್ರಮ

ಕಾಯಿಲೆ ದೊಡ್ಡದು ಎಂದು ಗೊತ್ತಾದ ದಿನ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು, "ಎಷ್ಟಾದರೂ ಆಗಲಿ, ಮಾಡಿಸಿಬಿಡೋಣ." ಆ ಮಾತಿನಲ್ಲಿ ಇರುವುದೆಲ್ಲ ಅಕ್ಕರೆಯೇ. ಆದರೆ ಏನನ್ನು ಮಾಡಿಸಬೇಕು, ಅದರಿಂದ ಏನು ಸಿಗಬೇಕು, ಯಾವಾಗ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಹುಡುಕದೆ ಚಿಕಿತ್ಸೆ ಶುರುಮಾಡಿದರೆ ಹಣಕ್ಕಿಂತ ಮೊದಲು ಕೈಜಾರುವುದು ರೋಗಿಯ ಒಳ್ಳೆಯ ದಿನಗಳು.

ಇಲ್ಲಿ ಹೇಳುವ ಕ್ರಮಕ್ಕೆ ಒಂದು ನೋಟ್‌ಬುಕ್ ಸಾಕು. ವೈದ್ಯರ ಜಾಗದಲ್ಲಿ ಕೂತು ನಿರ್ಧರಿಸುವುದಕ್ಕಲ್ಲ ಇದು. ವೈದ್ಯರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಅರ್ಥಮಾಡಿಕೊಂಡು ಮನೆಗೆ ಬರುವುದಕ್ಕೆ.

ಮೊದಲು: ಯೋಚಿಸಲು ಸಮಯ ಇದೆಯೇ?

ಕೆಲವು ಸಂದರ್ಭಗಳಲ್ಲಿ ತೂಗಿ ನೋಡುತ್ತ ಕೂರಬಾರದು. ಪಾರ್ಶ್ವವಾಯು ಹೊಡೆದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಹೃದಯಾಘಾತದಲ್ಲಿ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ತೀವ್ರ ಸ್ವರೂಪದ ರಕ್ತ ಕ್ಯಾನ್ಸರಿನಲ್ಲಿ ಸಿಗುವುದು ಕೆಲವೇ ದಿನಗಳ ಸಮಯ. ಗೆಡ್ಡೆ ಬೆನ್ನುಹುರಿಯನ್ನು ಒತ್ತಿ ಕಾಲು ಸೋಲುತ್ತಿದ್ದರೆ ಆ ದಿನವೇ ಚಿಕಿತ್ಸೆ ಆಗಬೇಕು.

ಇವುಗಳ ಆಚೆ, ಬಹಳಷ್ಟು ಗೆಡ್ಡೆ ಕ್ಯಾನ್ಸರುಗಳಲ್ಲಿ, ಸ್ಥಿರವಾಗಿರುವ ಹೃದ್ರೋಗದಲ್ಲಿ, ನಿಧಾನವಾಗಿ ಕುಂದುವ ಮೂತ್ರಪಿಂಡದ ಕಾಯಿಲೆಯಲ್ಲಿ ಒಂದೆರಡು ವಾರ ಯೋಚಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ನೇರವಾಗಿ ಕೇಳಿ: "ಹತ್ತು ದಿನ ಬಿಟ್ಟು ಶುರುಮಾಡಿದರೆ ಏನು ವ್ಯತ್ಯಾಸ ಆಗುತ್ತದೆ, ಡಾಕ್ಟ್ರೇ?" ಏನೂ ಆಗುವುದಿಲ್ಲ ಎಂದರೆ ಆ ಹತ್ತು ದಿನ ನಿಮ್ಮವು. ಭಯದ ಭರದಲ್ಲಿ ಅಂದೇ ಸಹಿ ಹಾಕಿಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಕಾಯಿಲೆಯ ಪೂರ್ತಿ ಹೆಸರು ಕಾಗದದ ಮೇಲೆ ಇರಲಿ

"ಶ್ವಾಸಕೋಶದ ಕ್ಯಾನ್ಸರ್" ಎಂಬುದು ಪೂರ್ತಿ ಹೆಸರಲ್ಲ. ಯಾವ ಬಗೆಯ ಜೀವಕೋಶ, ಎಷ್ಟನೇ ಹಂತ, ಯಾವ ಜೀನ್ ಬದಲಾವಣೆ ಅಥವಾ ಗ್ರಾಹಕ (ರಿಸೆಪ್ಟರ್, ಅಂದರೆ ಹಾರ್ಮೋನಿನಂಥದ್ದು ಬಂದು ಅಂಟುವ ಜೀವಕೋಶದ ಜಾಗ) ಇದೆ, ಇಷ್ಟೂ ಸೇರಿದರೆ ಹೆಸರು. ಇವುಗಳಲ್ಲಿ ಒಂದು ಬದಲಾದರೂ ಚಿಕಿತ್ಸೆ ಬೇರೆ, ಫಲ ಬೇರೆ. ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ವರದಿಯ ಪ್ರತಿ, ಸ್ಕ್ಯಾನ್ ವರದಿಯ ಜೊತೆ ಅದರ ಸಿಡಿ, ಇತ್ತೀಚಿನ ಹಿಮೋಗ್ಲೋಬಿನ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆಗಳು, ಹೃದಯದ ಎಕೋ ವರದಿ ಎಲ್ಲವನ್ನೂ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ.

ಜೊತೆಗೆ ರೋಗಿಯ ಓಡಾಟದ ಶಕ್ತಿಯನ್ನೂ ಬರೆಯಿರಿ. ಕ್ಯಾನ್ಸರ್ ವೈದ್ಯರು ಇದಕ್ಕೆ 0ಯಿಂದ 4ರವರೆಗಿನ ಇಕಾಗ್ ಅಳತೆ ಬಳಸುತ್ತಾರೆ. ಮೊದಲಿನಂತೆಯೇ ಎಲ್ಲ ಕೆಲಸ ಆಗುತ್ತಿದ್ದರೆ 0. ಶ್ರಮದ ಕೆಲಸ ಆಗದು, ಹಗುರ ಕೆಲಸ ಆಗುತ್ತದೆ ಎಂದರೆ 1. ತನ್ನ ಕೆಲಸ ತಾನು ಮಾಡಿಕೊಂಡು, ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಎದ್ದು ಓಡಾಡುತ್ತಿದ್ದು, ದುಡಿಯಲು ಆಗದಿದ್ದರೆ 2. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆದರೆ 3. ಪೂರ್ತಿ ಹಾಸಿಗೆ ಹಿಡಿದಿದ್ದರೆ 4.

ಇದು ಯಾಕೆ ಇಷ್ಟು ಮುಖ್ಯ? ಹೊಸ ಔಷಧಗಳ ಪ್ರಯೋಗಗಳಿಗೆ ಹೆಚ್ಚಾಗಿ 0 ಅಥವಾ 1ರಲ್ಲಿ ಇರುವವರನ್ನೇ ಸೇರಿಸಿಕೊಳ್ಳುತ್ತಾರೆ. ನಿಮ್ಮ ಮನೆಯ ರೋಗಿ 3ರಲ್ಲಿದ್ದರೆ ಆ ಪ್ರಯೋಗದ ಅಂಕಿಗಳು ಅವರಿಗೆ ಹೊಂದುವುದಿಲ್ಲ. ಅಡ್ಡಪರಿಣಾಮ ಹೆಚ್ಚು, ಲಾಭ ಕಡಿಮೆ ಎಂದೇ ಎಣಿಸಬೇಕು.

ಗುರಿ ಯಾವುದು ಎಂದು ಬಾಯಿಬಿಟ್ಟು ಕೇಳಿ

ಚಿಕಿತ್ಸೆಗೆ ಮೂರೇ ಗುರಿ: ವಾಸಿ ಮಾಡುವುದು, ಹಿಡಿತದಲ್ಲಿಟ್ಟು ಆಯುಷ್ಯ ಹೆಚ್ಚಿಸುವುದು, ನೋವು ಕಡಿಮೆ ಮಾಡುವುದು. "ಇದರಿಂದ ಗುಣ ಆಗುತ್ತದಾ?" ಎಂದಷ್ಟೇ ಕೇಳಿದರೆ "ನೋಡೋಣ, ಒಳ್ಳೆಯ ಔಷಧ ಇದೆ" ಎಂಬ ಉತ್ತರ ಬರುತ್ತದೆ, ಅದನ್ನು ಮನೆಯವರು ವಾಸಿಯಾಗುತ್ತದೆ ಎಂದು ಕೇಳಿಸಿಕೊಳ್ಳುತ್ತಾರೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಹದ ಬೇರೆಡೆಗೆ ಹರಡಿದ ಕ್ಯಾನ್ಸರಿಗೆ ಕೀಮೋಥೆರಪಿ ತೆಗೆದುಕೊಂಡ 1,193 ಜನರನ್ನು ಮಾತನಾಡಿಸಿತು. ಆ ಹಂತದಲ್ಲಿ ಕೀಮೋ ವಾಸಿ ಮಾಡುವ ಸಂಭವ ಇಲ್ಲ ಎಂಬುದು ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ 69%, ದೊಡ್ಡಕರುಳಿನ ಕ್ಯಾನ್ಸರ್ ಇದ್ದವರಲ್ಲಿ 81% ಜನರ ಮನಸ್ಸಿಗೆ ಇಳಿದಿರಲಿಲ್ಲ.

ಆದ್ದರಿಂದ ಮೂರು ಪದಗಳನ್ನೂ ಇಟ್ಟು ಕೇಳಿ: "ಈ ಚಿಕಿತ್ಸೆ ಪೂರ್ತಿ ವಾಸಿ ಮಾಡಲಿಕ್ಕೋ, ಹಿಡಿತದಲ್ಲಿಡಲಿಕ್ಕೋ, ನೋವು ತಗ್ಗಿಸಲಿಕ್ಕೋ?" ಉತ್ತರವನ್ನು ಪುಟದ ತಲೆಯ ಮೇಲೆ ದೊಡ್ಡದಾಗಿ ಬರೆಯಿರಿ. ವಾಸಿಯಾಗುವ ನಿಜವಾದ ಸಾಧ್ಯತೆ ಇದ್ದರೆ ಆರು ತಿಂಗಳ ಕಷ್ಟವನ್ನು ಹಲ್ಲು ಕಚ್ಚಿ ಸಹಿಸಬಹುದು. ಗುರಿ ನೋವು ತಗ್ಗಿಸುವುದಾದರೆ, ಹೊಸ ನೋವು ತರುವ ಚಿಕಿತ್ಸೆಗೆ ಅಲ್ಲಿ ಜಾಗವೇ ಇಲ್ಲ.

ಲಾಭ: "ನೂರು ಜನರಲ್ಲಿ ಎಷ್ಟು ಜನಕ್ಕೆ?"

"ಅಪಾಯ ಅರ್ಧಕ್ಕೆ ಇಳಿಯುತ್ತದೆ" ಎಂಬ ಮಾತು ಕೇಳಿದರೆ ಅಲ್ಲೇ ನಿಲ್ಲಿಸಿ. ನೂರರಲ್ಲಿ 40 ಇದ್ದದ್ದು 20ಕ್ಕೆ ಇಳಿದರೂ ಅರ್ಧವೇ, 2 ಇದ್ದದ್ದು 1ಕ್ಕೆ ಇಳಿದರೂ ಅರ್ಧವೇ. ಮೊದಲನೆಯದರಲ್ಲಿ ಐದು ಜನ ಚಿಕಿತ್ಸೆ ತೆಗೆದುಕೊಂಡರೆ ಒಬ್ಬರಿಗೆ ಲಾಭ. ಎರಡನೆಯದರಲ್ಲಿ ನೂರು ಜನ ತೆಗೆದುಕೊಂಡರೆ ಒಬ್ಬರಿಗೆ. ಲೆಕ್ಕ ಸುಲಭ: ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ ಎಷ್ಟು, ಇದ್ದರೆ ಎಷ್ಟು, ಎರಡರ ವ್ಯತ್ಯಾಸದಿಂದ 100ನ್ನು ಭಾಗಿಸಿ. ಎಷ್ಟು ವರ್ಷದ ಅವಧಿಗೆ ಈ ಲೆಕ್ಕ ಎಂಬುದನ್ನೂ ಕೇಳಲೇಬೇಕು. ಅವಧಿ ಗೊತ್ತಿಲ್ಲದ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಸ್ತನ ಕ್ಯಾನ್ಸರಿನ ಒಂದು ಉದಾಹರಣೆ. 2018ರಲ್ಲಿ ಪ್ರಕಟವಾದ ಟೈಲರ್‌ಎಕ್ಸ್ ಪ್ರಯೋಗದಲ್ಲಿ, ಹಾರ್ಮೋನಿಗೆ ಸ್ಪಂದಿಸುವ, ಕಂಕುಳ ಗ್ರಂಥಿಗೆ ಹರಡದ ಗೆಡ್ಡೆ ಇದ್ದು, ಕಾಯಿಲೆ ಮರುಕಳಿಸುವ ಸಂಭವ ಅಳೆಯುವ ಜೀನ್ ಪರೀಕ್ಷೆಯಲ್ಲಿ ಮಧ್ಯಮ ಅಂಕ ಬಂದ ಮಹಿಳೆಯರನ್ನು ಎರಡು ಗುಂಪು ಮಾಡಿದರು. ಬರೀ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡವರಲ್ಲಿ ಒಂಬತ್ತು ವರ್ಷಗಳ ನಂತರ ಕಾಯಿಲೆಯಿಲ್ಲದೆ ಬದುಕಿದ್ದವರು 83.3%, ಅದರ ಜೊತೆ ಕೀಮೋ ಕೂಡ ತೆಗೆದುಕೊಂಡವರಲ್ಲಿ 84.3%. 50 ವರ್ಷ ಮೇಲ್ಪಟ್ಟವರಿಗೆ ಕೀಮೋದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಅದಕ್ಕಿಂತ ಕಿರಿಯರಲ್ಲಿ, ಅಂಕ ಹೆಚ್ಚಿದ್ದವರಿಗೆ ಸ್ವಲ್ಪ ಲಾಭ ಕಂಡಿತು. ಕೂದಲು, ಶಕ್ತಿ, ತಿಂಗಳುಗಟ್ಟಲೆ ಸಮಯ ಎಲ್ಲವನ್ನೂ ಕೊಟ್ಟು ಏನೂ ಪಡೆಯದೆ ಇರುವುದನ್ನು ಒಂದು ಪರೀಕ್ಷೆ ತಪ್ಪಿಸಬಲ್ಲದು. ಚಿಕಿತ್ಸೆಗೆ ಮೊದಲು "ನನ್ನ ಬಗೆಯ ಕಾಯಿಲೆಗೆ ಇಂಥ ಪರೀಕ್ಷೆ ಇದೆಯೇ?" ಎಂದು ಕೇಳುವುದು ಅದಕ್ಕೇ.

ಯಾವುದನ್ನು ಲಾಭ ಎನ್ನುತ್ತಿದ್ದಾರೆ?

ಇಲ್ಲಿ ತಿಳಿದವರೂ ಮೋಸಹೋಗಿದ್ದಾರೆ. ಹೃದಯಾಘಾತ ಆದವರಲ್ಲಿ ಎದೆಬಡಿತ ತಪ್ಪುವುದು ಅಪಾಯದ ಲಕ್ಷಣ ಎಂದು ಅದನ್ನು ಅಡಗಿಸುವ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಕೊಡಲಾಗುತ್ತಿತ್ತು. ಇಸಿಜಿಯಲ್ಲಿ ಬಡಿತ ಸರಿಹೋಯಿತು. ಆದರೆ ಕಾಸ್ಟ್ ಎಂಬ ಪ್ರಯೋಗದಲ್ಲಿ ಆ ಔಷಧ ತೆಗೆದುಕೊಂಡವರು ಬರೀ ಸಕ್ಕರೆ ಮಾತ್ರೆಯಂಥದ್ದು ತೆಗೆದುಕೊಂಡವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ತೀರಿಕೊಂಡರು. 1989ರಲ್ಲಿ ಪ್ರಯೋಗದ ಆ ಭಾಗವನ್ನು ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರಿಗೆಂದು ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಕೊಟ್ಟ ಒಪ್ಪಿಗೆಯನ್ನು 2011ರಲ್ಲಿ ಹಿಂದಕ್ಕೆ ಪಡೆದದ್ದೂ ಇದೇ ಜಾತಿಯ ಕಾರಣಕ್ಕೆ: ಗೆಡ್ಡೆ ಬೆಳೆಯುವುದು ಸ್ವಲ್ಪ ತಡವಾಯಿತು, ಬದುಕಿನ ಅವಧಿ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ.

ಹಾಗಾಗಿ "ಗೆಡ್ಡೆ ಕುಗ್ಗುತ್ತದೆ", "ರಿಪೋರ್ಟ್ ಸುಧಾರಿಸುತ್ತದೆ" ಎಂದಾಗ ಮುಂದಿನ ಪ್ರಶ್ನೆ: "ಇದರಿಂದ ಹೆಚ್ಚು ಕಾಲ ಬದುಕಿದ್ದಾರೆಯೇ? ಅಥವಾ ಹೆಚ್ಚು ಚೆನ್ನಾಗಿ ಬದುಕಿದ್ದಾರೆಯೇ?" ಎರಡಕ್ಕೂ "ಇಲ್ಲ" ಅಥವಾ "ಇನ್ನೂ ತಿಳಿದಿಲ್ಲ" ಎಂಬ ಉತ್ತರ ಬಂದರೆ ಅದನ್ನೂ ಬರೆದುಕೊಳ್ಳಿ. ಎರಡರಲ್ಲಿ ಒಂದು ಸಿಕ್ಕರೂ ಲಾಭವೇ. ಸ್ಥಿರವಾದ ಹೃದಯ ರಕ್ತನಾಳದ ಕಾಯಿಲೆ ಇದ್ದ 5,179 ಜನರ ಇಸ್ಕೀಮಿಯಾ ಪ್ರಯೋಗದಲ್ಲಿ, ಔಷಧದ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಕೂಡ ಮಾಡಿಸುವುದರಿಂದ ಸಾವು ಕಡಿಮೆಯಾಗಲಿಲ್ಲ. ಪದೇ ಪದೇ ಎದೆನೋವು ಬರುತ್ತಿದ್ದವರ ನೋವು ಮಾತ್ರ ಚೆನ್ನಾಗಿ ಇಳಿಯಿತು. ಎದೆನೋವಿನಿಂದ ಮೆಟ್ಟಿಲು ಹತ್ತಲಾಗದವರಿಗೆ ಅದು ದೊಡ್ಡ ಲಾಭ. ನೋವೇ ಇಲ್ಲದವರು ಬರೀ ಆಯುಷ್ಯದ ಆಸೆಗೆ ಅದನ್ನು ಮಾಡಿಸಿಕೊಂಡರೆ ಲೆಕ್ಕ ತಪ್ಪಿದಂತೆ. ಎಡ ಮುಖ್ಯ ರಕ್ತನಾಳ ಕಟ್ಟಿಕೊಂಡವರು, ಹೃದಯದ ಬಲ ತೀರಾ ಕುಂದಿದವರು ಆ ಪ್ರಯೋಗದಲ್ಲಿ ಇರಲಿಲ್ಲ; ಅವರಿಗೆ ಈ ಮಾತು ಅನ್ವಯಿಸದು.

"ಇನ್ನೆಷ್ಟು ದಿನ?" ಎಂಬುದಕ್ಕೆ ಒಂದೇ ಅಂಕಿ ಸಾಲದು

"ಹನ್ನೆರಡು ತಿಂಗಳು" ಎಂದು ವೈದ್ಯರು ಹೇಳಿದರೆ ಅದು ಬಹುತೇಕ ಮಧ್ಯಾಂಕ: ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ. ಮುಂದುವರಿದ ಕ್ಯಾನ್ಸರುಗಳಲ್ಲಿ ಇದನ್ನು ಬಿಡಿಸಿ ನೋಡಲು ಒಂದು ಸರಳ ಸೂತ್ರ ಬಳಕೆಯಲ್ಲಿದೆ. ಮಧ್ಯಾಂಕದ ಕಾಲುಭಾಗಕ್ಕಿಂತ ಕಡಿಮೆ ಬದುಕುವವರು ಸುಮಾರು 10%. ಅರ್ಧದಿಂದ ಎರಡರಷ್ಟರ ನಡುವೆ ಸುಮಾರು 50%. ಮೂರು ಪಟ್ಟು ಮೀರಿ ಬದುಕುವವರು ಸುಮಾರು 10%. ಅಂದರೆ 12 ತಿಂಗಳಿಗೆ: ಕೆಟ್ಟದಾದರೆ 3 ತಿಂಗಳೊಳಗೆ, ಸಾಮಾನ್ಯವಾಗಿ 6ರಿಂದ 24 ತಿಂಗಳು, ಒಳ್ಳೆಯದಾದರೆ 36 ತಿಂಗಳ ಮೇಲೆ. ಈ ಮೂರನ್ನೂ ಬರೆದರೆ ಮನೆಯವರಿಗೆ ಎರಡು ಕೆಲಸ ಒಟ್ಟಿಗೆ ಸಾಧ್ಯ: ಆಸೆ ಇಟ್ಟುಕೊಳ್ಳುವುದು, ತಯಾರಾಗಿಯೂ ಇರುವುದು.

ನಷ್ಟದ ಪುಟ: ದೇಹ

ಅಡ್ಡಪರಿಣಾಮಗಳ ಉದ್ದ ಪಟ್ಟಿ ಓದಿದರೆ ಹೆದರಿಕೆ ಮಾತ್ರ ಹೆಚ್ಚುತ್ತದೆ. ಮೂರು ವಿಷಯ ಕೇಳಿದರೆ ಸಾಕು. ನೂರರಲ್ಲಿ ಎಷ್ಟು ಜನಕ್ಕೆ ಆಸ್ಪತ್ರೆ ಸೇರುವಷ್ಟು ತೊಂದರೆ ಆಗುತ್ತದೆ? (ವರದಿಗಳಲ್ಲಿ ಇದು 3ನೇ ದರ್ಜೆ ಮತ್ತು ಮೇಲಿನದು, 4 ಎಂದರೆ ಪ್ರಾಣಾಪಾಯ, 5 ಎಂದರೆ ಸಾವು.) ಚಿಕಿತ್ಸೆ ನಿಂತ ಮೇಲೂ ಉಳಿಯುವುದು ಯಾವುದು? ರೋಗಿಯ ಯಾವ ಹಳೆಯ ಕಾಯಿಲೆ ಇದರಿಂದ ಹದಗೆಡಬಹುದು?

ವಾಂತಿ, ಕೂದಲು ಉದುರುವುದು ಸಾಮಾನ್ಯವಾಗಿ ಬಂದು ಹೋಗುತ್ತವೆ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ತಂದ ಕಿವುಡು ಹೋಗುವುದಿಲ್ಲ; ಮೂತ್ರಪಿಂಡ ಮೊದಲೇ ಸೋತವರಿಗೆ ಆ ಔಷಧ ಕಷ್ಟ. ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ತರುವ ಕೈಕಾಲು ಜೋಮು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಲಿಗೆ, ವಾದ್ಯ, ಚಿನ್ನದ ಕುಸುರಿಯಂಥ ಬೆರಳ ಕೆಲಸದಿಂದ ಬದುಕುವವರಿಗೆ ಇದು ಜೀವನೋಪಾಯದ ಪ್ರಶ್ನೆ. ನಿಮ್ಮ ಕಸುಬು ಏನೆಂದು ವೈದ್ಯರಿಗೆ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಒಂದೇ ಅಂಕಿಗಳಿಂದ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರುವುದು ಹೇಗೆಂದು ಪ್ರಾಸ್ಟೇಟ್ (ಪುರುಷರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರಿನಲ್ಲಿ ಚೆನ್ನಾಗಿ ಕಾಣುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗ ಪ್ರಾಸ್ಟೇಟ್ ಒಳಗೇ ಇದ್ದ ಕ್ಯಾನ್ಸರಿನ 1,643 ಪುರುಷರನ್ನು ನಿಗಾ (ಚಿಕಿತ್ಸೆ ಕೊಡದೆ ಪರೀಕ್ಷೆ ಮಾಡುತ್ತ ಕಾಯುವುದು), ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎಂಬ ಮೂರು ಗುಂಪಾಗಿ ಹಂಚಿ ಸುಮಾರು 15 ವರ್ಷ ಗಮನಿಸಿತು. ಆ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ 3.1%, 2.2%, 2.9%, ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೇರೆ ಭಾಗಕ್ಕೆ ಹರಡಿದ್ದು 9.4%, 4.7%, 5.0%. ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 7ರಿಂದ 12ನೇ ವರ್ಷದ ನಡುವೆ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದವರು 18–24%, ನಿಗಾದ ಗುಂಪಿನಲ್ಲಿ 9–11%. ಒಳಗೆ ಕ್ಯಾನ್ಸರ್ ಇದೆ ಎಂಬ ಯೋಚನೆಯಲ್ಲೇ ನಿದ್ದೆಗೆಡುವವರಿಗೆ ಶಸ್ತ್ರಚಿಕಿತ್ಸೆ ಸರಿ ಎನಿಸಬಹುದು. ದಿನವಿಡೀ ಹೊರಗೆ ಓಡಾಡುವ ಕೆಲಸದವರು ನಿಗಾ ಸಾಕು ಎನ್ನಬಹುದು. ಇಬ್ಬರ ತೀರ್ಮಾನವೂ ಸರಿಯೇ.

ನಷ್ಟದ ಪುಟ: ದಿನಗಳು

ಇದನ್ನು ಬಹಳ ಮನೆಗಳಲ್ಲಿ ಯಾರೂ ಎಣಿಸುವುದೇ ಇಲ್ಲ. ಡಯಾಲಿಸಿಸ್ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ. 12 ಗಂಟೆ ಎನ್ನುತ್ತೇವೆ. ಹೋಗಿ ಬರುವ ದಾರಿ, ಕಾಯುವ ಹೊತ್ತು, ಮುಗಿದ ಮೇಲೆ ಸುಸ್ತಾಗಿ ಮಲಗುವ ಮಧ್ಯಾಹ್ನ ಸೇರಿಸಿದರೆ ವಾರದ ಮೂರು ದಿನ ಪೂರ್ತಿ ಹೋದಂತೆ. ಮೂತ್ರಪಿಂಡ ಕಸಿ ಆಗುವ ತನಕದ ಯುವಕನಿಗೆ ಅದು ಸೇತುವೆ. ಹೃದಯವೂ ಸೋತು, ನೆನಪೂ ಕುಂದಿದ 85ರ ಹಿರಿಯರಿಗೆ ಡಯಾಲಿಸಿಸ್ ಇಲ್ಲದೆ ಔಷಧ, ಆಹಾರದ ಹಿಡಿತ, ಉಸಿರಾಟದ ತೊಂದರೆ ಮತ್ತು ತುರಿಕೆಗೆ ಉಪಶಮನ ಎಂಬ ಇನ್ನೊಂದು ದಾರಿಯನ್ನೂ ವೈದ್ಯರೊಂದಿಗೆ ಚರ್ಚಿಸಲೇಬೇಕು.

ಲೆಕ್ಕ ತೋರಿಸಲೆಂದೇ ಹಾಕಿದ ಅಂಕಿಗಳಿಂದ ಒಂದು ಪುಟ ನೋಡೋಣ. ಬರೀ ಉಪಶಮನದಿಂದ (ಕಷ್ಟ ತಗ್ಗಿಸುವ ಆರೈಕೆಯಿಂದ) ಬದುಕುವ ಅವಧಿಯ ಮಧ್ಯಾಂಕ 8 ತಿಂಗಳು, ಹೊಸ ಔಷಧದಿಂದ 11. ಲಾಭ 3 ತಿಂಗಳು, ಅಂದರೆ 90 ದಿನ. ಔಷಧ ಮೂರು ವಾರಕ್ಕೊಮ್ಮೆ, ಒಟ್ಟು 6 ಸುತ್ತು. ಪ್ರತಿ ಸುತ್ತಿಗೂ ರಕ್ತಪರೀಕ್ಷೆಗೆ 1 ದಿನ, ಡ್ರಿಪ್‌ಗೆ 1 ದಿನ, ಏಳಲಾಗದೆ ಮಲಗುವುದು 4 ದಿನ: 6 ಸುತ್ತಿಗೆ 36 ದಿನ. ಸ್ಕ್ಯಾನ್ ಮತ್ತು ಭೇಟಿಗೆ 4. ಕೈಗೆ ಸಿಗುವುದು 50 ದಿನ. ಸೋಂಕು ತಗಲಿ ಒಂದು ವಾರ ದಾಖಲಾದರೆ 43. ಆದರೆ ಔಷಧದಿಂದ ಕೆಮ್ಮು, ನೋವು ಇಳಿದು ಉಳಿದ ಎಂಟು ತಿಂಗಳೂ ಹಗುರಾದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಅದನ್ನೂ ಕೇಳಿ ಬರೆಯಬೇಕು. ಈ ಲೆಕ್ಕ ಬೇಕು–ಬೇಡ ಎಂದು ಹೇಳುವುದಿಲ್ಲ. ಯಾವುದಕ್ಕೆ ಯಾವುದನ್ನು ಕೊಡುತ್ತಿದ್ದೇವೆ ಎಂಬುದನ್ನು ತೋರಿಸುತ್ತದೆ.

ನಷ್ಟದ ಪುಟ: ಹಣ

ಒಂದು ಸುತ್ತಿನ ಬೆಲೆ ಕೇಳಿ ಹೂಂ ಎನ್ನಬೇಡಿ. ಕೊನೆಯವರೆಗಿನ ಒಟ್ಟು ಮೊತ್ತ ಕೇಳಿ. ಉದಾಹರಣೆಗೆ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಮೂರು ವಾರಕ್ಕೊಮ್ಮೆ ಒಂದು ವರ್ಷ ಎಂದರೆ 17ರಿಂದ 18 ಸಲ. ಪ್ರಮಾಣ ತೂಕದ ಮೇಲೆ: ಮೊದಲ ಸಲ ಕಿಲೋಗೆ 8 ಮಿಲಿಗ್ರಾಂ, ಆಮೇಲೆ 6. ರೋಗಿ 60 ಕಿಲೋ ಇದ್ದರೆ 480, ನಂತರ ಪ್ರತಿ ಸಲ 360 ಮಿಲಿಗ್ರಾಂ. 440ರ ಬಾಟಲಿ ತೆರೆದರೆ 80 ಉಳಿಯುತ್ತದೆ, 150ರವನ್ನು ತೆರೆದರೆ ಮೂರು ಬೇಕು, 90 ಉಳಿಯುತ್ತದೆ. ಯಾವ ಗಾತ್ರದ ಬಾಟಲಿ, ಉಳಿದದ್ದನ್ನು ಸುರಕ್ಷಿತವಾಗಿ ಮುಂದಿನ ಸಲಕ್ಕೆ ಇಡಲು ಬರುತ್ತದೆಯೇ, ಬಯೋಸಿಮಿಲರ್ (ಮೂಲ ಔಷಧದಂತೆಯೇ ಕೆಲಸ ಮಾಡುವ, ಬೇರೆ ಕಂಪನಿಯ ಔಷಧ) ಸಿಗುತ್ತದೆಯೇ ಎಂದು ಕೇಳುವುದರಿಂದ ಒಟ್ಟು ಖರ್ಚು ನಿಜವಾಗಿಯೂ ಬದಲಾಗುತ್ತದೆ.

ಕೊನೆಯಿರುವ ಖರ್ಚು, ಕೊನೆಯಿಲ್ಲದ ಖರ್ಚು ಬೇರೆ ಬೇರೆ. ಹೆಪಟೈಟಿಸ್ ಸಿಗೆ ಬಂದ ಹೊಸ ಮಾತ್ರೆಗಳು 8ರಿಂದ 12 ವಾರದಲ್ಲಿ 95%ಕ್ಕೂ ಹೆಚ್ಚು ಜನರಲ್ಲಿ ವೈರಸ್ ಅಳಿಸುತ್ತವೆ, ಅಲ್ಲಿಗೆ ಮುಗಿಯಿತು. "ಕೆಲಸ ಮಾಡುವವರೆಗೂ ಕೊಡುತ್ತಲೇ ಇರಬೇಕು" ಎನ್ನುವ ಔಷಧದಲ್ಲಿ, ಔಷಧ ಫಲಿಸಿದಷ್ಟೂ ಖರ್ಚು ಬೆಳೆಯುತ್ತದೆ. ಆರನೇ ತಿಂಗಳಿಗೆ ಹಣ ಮುಗಿದು ನಿಲ್ಲಿಸುವ ಸ್ಥಿತಿ ಬರುವುದಾದರೆ, ಕೊನೆತನಕ ನಡೆಸಬಲ್ಲ ಅಗ್ಗದ ಚಿಕಿತ್ಸೆಯೇ ಮೇಲು. ಇದನ್ನು ವೈದ್ಯರಿಗೆ ಮೊದಲ ದಿನವೇ ಹೇಳಬೇಕು. ನಾಚಿಕೆಪಟ್ಟು ಮುಚ್ಚಿಟ್ಟರೆ ಅವರಿಗೆ ಬೇರೆ ದಾರಿ ಹುಡುಕುವ ಅವಕಾಶವೇ ಇರುವುದಿಲ್ಲ.

ಒಟ್ಟು ಮೊತ್ತಕ್ಕೆ ಪ್ರಯಾಣ, ಊರು ಬಿಟ್ಟು ಉಳಿಯುವ ಬಾಡಿಗೆ, ಜೊತೆಗಿರುವವರ ಕಳೆದ ಸಂಬಳ, ತುರ್ತು ದಾಖಲಾತಿಗೆ ಒಂದು ಭಾಗ ಸೇರಿಸಿ, ಮನೆಯ ತಿಂಗಳ ಆದಾಯದಿಂದ ಭಾಗಿಸಿ. "ಹದಿನಾಲ್ಕು ತಿಂಗಳ ದುಡಿಮೆ" ಎಂಬುದು ಯಾವ ಅಂಕಿಗಿಂತಲೂ ಬೇಗ ಅರ್ಥವಾಗುತ್ತದೆ. ಮನೆಯ ಒಟ್ಟು ಖರ್ಚಿನ 10% ಅಥವಾ 25% ಮೀರಿ ಆರೋಗ್ಯಕ್ಕೆ ಹೋದರೆ ಅದನ್ನು ಕುಟುಂಬವನ್ನು ಮುಳುಗಿಸುವ ಮಟ್ಟ ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಗುರಿಗಳಲ್ಲಿ 2025ರ ಮೊದಲು ಎಣಿಸುತ್ತಿದ್ದರು. ವಿಮೆ ಇದ್ದರೆ ಲಿಖಿತವಾಗಿ ಕೇಳಿ: ದಾಖಲಾಗದೆ ಮನೆಯಲ್ಲಿ ನುಂಗುವ ಮಾತ್ರೆಗೆ ಹಣ ಬರುತ್ತದೆಯೇ? ಒಂದೊಂದು ಬಾಬ್ತಿಗೆ ಮಿತಿ ಎಷ್ಟು? ಕಾಯುವ ಅವಧಿ ಮುಗಿದಿದೆಯೇ?

"ಏನೂ ಮಾಡದಿರುವುದು" ಎಂಬ ಆಯ್ಕೆಯ ನಿಜರೂಪ

ಕೀಮೋ ಬೇಡ ಎಂದರೆ ಆರೈಕೆ ಬೇಡ ಎಂದಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಆರಂಭದಿಂದಲೇ ಉಪಶಮನ ಆರೈಕೆ ಕೊಟ್ಟರು. ಕೊನೆಗಾಲದಲ್ಲಿ ಅವರಿಗೆ ಕಠಿಣ ಚಿಕಿತ್ಸೆ ಕಡಿಮೆಯಾಯಿತು, ಮನಸ್ಸಿನ ಕುಗ್ಗು ಕಡಿಮೆಯಾಯಿತು, ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದು 8.9. ನೋವು, ಉಬ್ಬಸ, ನಿದ್ದೆಗೆ ಸರಿಯಾದ ಔಷಧವೂ ಚಿಕಿತ್ಸೆಯೇ. ಯಾವ ದಾರಿ ಹಿಡಿದರೂ ಇದನ್ನು ಮೊದಲ ವಾರದಿಂದಲೇ ಕೇಳಿ ಪಡೆಯಿರಿ.

ತೂಗುವವರು ಯಾರು?

ರೋಗಿಯೇ. ಅವರಿಂದ ಕಾಯಿಲೆ ಮುಚ್ಚಿಟ್ಟು ಮಕ್ಕಳು, ಅಳಿಯ, ಅಣ್ಣತಮ್ಮಂದಿರು ಕೂಡಿ ನಿರ್ಧರಿಸಿದಾಗ ತಕ್ಕಡಿಯಲ್ಲಿ ಇರುವುದು ಅವರವರ ಭಯ ಮಾತ್ರ. "ಅಪ್ಪಾ, ಡಾಕ್ಟ್ರು ಹೇಳಿದ್ದನ್ನ ಎಷ್ಟು ತಿಳ್ಕೋಬೇಕು ಅನ್ಸುತ್ತೆ ನಿಮಗೆ?" ಎಂದು ಕೇಳುವುದರಿಂದ ಶುರುಮಾಡಬಹುದು. ಆಮೇಲೆ ಎರಡು ಪ್ರಶ್ನೆ: ಮುಂದಿನ ತಿಂಗಳುಗಳಲ್ಲಿ ಯಾವುದು ಆಗಲೇಬೇಕು? ಯಾವ ಸ್ಥಿತಿಯಲ್ಲಿ ಬದುಕುವುದು ಬೇಡ? ಕೆಲವರು ಎಷ್ಟು ಕಷ್ಟವಾದರೂ ಒಂದು ದಿನ ಹೆಚ್ಚು ಬೇಕು ಎನ್ನುತ್ತಾರೆ, ಕೆಲವರು ಮನೆಯಲ್ಲಿ ಇರುವುದೇ ಮುಖ್ಯ ಎನ್ನುತ್ತಾರೆ. ಅವರ ಮಾತನ್ನು ಅವರದೇ ಪದಗಳಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬಯಾಪ್ಸಿಯ ವರದಿ ಸಾಲದು, ಗೆಡ್ಡೆಯ ಚೂರನ್ನು ಇಟ್ಟಿರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ತೆಗೆದುಕೊಳ್ಳಿ. ಮತ್ತೆ ಪರೀಕ್ಷಿಸಿದಾಗ ಕ್ಯಾನ್ಸರಿನ ಬಗೆಯೇ ಬೇರೆ ಎಂದು ಕಂಡುಬರುವುದುಂಟು. ಮೊದಲ ವೈದ್ಯರು ಏನು ಹೇಳಿದರು ಎಂಬುದನ್ನು ಎರಡನೆಯವರು ತಮ್ಮ ಮಾತು ಮುಗಿಸಿದ ನಂತರ ಹೇಳಿ.

ಶುರುಮಾಡುವ ದಿನವೇ ನಿಲ್ಲಿಸುವ ಗಡಿ ಬರೆಯಿರಿ

ಚಿಕಿತ್ಸೆ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಅಷ್ಟು ಖರ್ಚು ಮಾಡಿಯಾಯಿತು, ಈಗ ಬಿಟ್ಟರೆ ಹೇಗೆ ಎಂಬ ಮಾತು ಎಳೆಯುತ್ತದೆ. ಹೋದ ಹಣ, ಹೋದ ದಿನ ಮುಂದಿನ ಸುತ್ತಿನ ಫಲವನ್ನು ಹೆಚ್ಚಿಸುವುದಿಲ್ಲ. ಅದಕ್ಕೇ ಮನಸ್ಸು ತಿಳಿಯಾಗಿರುವ ಮೊದಲ ದಿನ ಮೂರು ಸಾಲು ಬರೆದು, ವೈದ್ಯರಿಗೂ ತೋರಿಸಿ:

ಮುಂದಿನ ಪರಿಶೀಲನೆಯ ದಿನಾಂಕ. ಕೀಮೋ ಆದರೆ ಸಾಮಾನ್ಯವಾಗಿ 2–3 ಸುತ್ತಿನ ನಂತರದ ಸ್ಕ್ಯಾನ್. ಐಸಿಯು ಆದರೆ 3–5 ದಿನ.

ಫಲಿಸುತ್ತಿದೆ ಎನ್ನಲು ಏನು ಕಾಣಬೇಕು. ಗೆಡ್ಡೆಯ ಅಳತೆ, ನೋವಿನ ಮಾತ್ರೆಯ ಸಂಖ್ಯೆ, ಬಚ್ಚಲಿಗೆ ತಾವಾಗಿ ಹೋಗಿ ಬರುವುದು, ಹೀಗೆ ಅಳೆಯಬಹುದಾದದ್ದು.

ಏನಾದರೆ ನಿಲ್ಲಿಸುತ್ತೇವೆ. "ಸ್ಕ್ಯಾನಿನಲ್ಲಿ ಬೆಳೆದಿದ್ದರೆ", "ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಕಳೆದರೆ", "ಅವರೇ ಸಾಕು ಎಂದರೆ".

ಪುಟದ ಕೆಳಗೆ ತುರ್ತು ಸಂಖ್ಯೆ ಮತ್ತು ಒಂದು ಎಚ್ಚರಿಕೆ: ಕೀಮೋ ನಡೆಯುತ್ತಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಸರಿ, ಬೆಳಗಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಬಿಳಿ ರಕ್ತಕಣ ಕುಸಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಆ ಪುಟದ ಒಂದು ಪ್ರತಿ ಫೈಲಿನಲ್ಲಿ ಮೊದಲ ಹಾಳೆಯಾಗಿರಲಿ, ಇನ್ನೊಂದು ರೋಗಿಯ ದಿಂಬಿನ ಪಕ್ಕ, ಅವರ ಕೈಗೆ ಸಿಗುವಂತಿರಲಿ.